ಗುಡಿಸು

ವೀರನಗೆರೆಯ ಗಿರಣಿ ಗೋಡೆಯ ಮೇಲೆ
ನನ್ನ ಆರು ಅಕ್ಷರ ಬೋಳುತಲೆಯಲ್ಲಿ ನಿಂತಿವೆ,
ಯುಗಾದಿಯಿಂದ.
'ಹಿಟ್ಟಿನ ಗಿರಣಿ'ಯ ಹೊಟ್ಟೆ ಬರೆದೆ,
ಟ ಕೆಳಗೆ ಒತ್ತನ್ನೂ ಕೂರಿಸಿದೆ,
ತಲೆಗೆ ಬರುವಾಗ ತೋಳು
ಹೆಗಲ ಮಟ್ಟಕ್ಕೆ ಬಂದು
ಗೂಟದ ಹೋರಿಯ ಹಾಗೆ ನಿಂತುಬಿಟ್ಟಿತು.

ನಾಲ್ಕು ಗುಡಿಸು, ಎರಡು ತಲೆಕಟ್ಟು. ಬಾಕಿ ಇಷ್ಟೇ.

"ಸ್ಟೂಲ್ ಹಾಕುಸ್ಲಾ, ಪುಟ್ಟಬುದ್ದಿ?" ಅಂದ ಗಿರಣಿಯ ಚೌರಪ್ಪ.
ಬೇಡ ಅಂದೆ.
ಗುಡಿಸು ಬೆರಳಿಂದ ಬರೋದಲ್ಲ ಸ್ವಾಮಿ,
ಹೆಗಲು ತಿರುಗಬೇಕು. ಇಲ್ಲದಿದ್ರೆ
ಉಂಡೆ ಹೋಗಿ ಮೊಟ್ಟೆಯಾಗುತ್ತೆ.

ದೊಡ್ಡಾಸ್ಪತ್ರೆಯ ಹಿಂದಿನ ಕೋಣೆಯಲ್ಲಿ
ಹಾಜಿರಾ, ನನ್ನ ಮಗಳ ವಯಸ್ಸಿನ ಹುಡುಗಿ,
ಪ್ಲಾಸ್ಟಿಕ್ ಮೂಳೆ ಹಿಡಿದು ತೋರಿಸಿದಳು:
ಸೊಂಟದ ಕೀಲು ಒರಳಲ್ಲಿ ಕೂತ ಗುಂಡು.
ಹೆಗಲದ್ದು ಹಾಗಲ್ಲ, ತಟ್ಟೆಯ ಮೇಲಿನ ನಿಂಬೆಹಣ್ಣು.
ಉರುಳದ ಹಾಗೆ ಸುತ್ತ ನಾಲ್ಕು ಸ್ನಾಯು
ಹಿಡಿದುಕೊಂಡಿರುತ್ತವಂತೆ, ಯಾರೂ ಹೇಳದೆಯೇ.
ಕೀಲಿನ ಚೀಲ ಈಗ ಬಿಗಿದಿದೆ ಅಂದಳು.
ಮುಚ್ಚಳ ಮರೆತ ಎನಾಮಲ್ ಡಬ್ಬಿಯಲ್ಲಿ
ಕೆನೆ ಕಟ್ಟುತ್ತಲ್ಲ, ಹಾಗೆ ಅನ್ನಿ ಅಂದೆ.
ನಕ್ಕಳು. ಬರೆದುಕೊಂಡಳು.

ಇನ್ನೊಂದು ಮಾತು ಹೇಳಿದಳು, ಅದು ನಿದ್ದೆ ಕೆಡಿಸಿತು:
ಸ್ನಾಯುವಿಗೆ ತಳ್ಳಲು ಬರುವುದಿಲ್ಲ.
ಎಳೆಯಲಷ್ಟೇ ಗೊತ್ತು.
ಬಾಗಿಲು ತಳ್ಳುವಾಗಲೂ ಒಳಗೆ ಯಾರೋ ಎಳೆಯುತ್ತಿರುತ್ತಾರೆ,
ಎದುರಿನವನು ಅಷ್ಟಷ್ಟೇ ಹಗ್ಗ ಬಿಡುತ್ತಿರುತ್ತಾನೆ.
ಇಬ್ಬರೂ ಎಳೆದರೆ ಮರದ ಕೊರಡು,
ಇಬ್ಬರೂ ಬಿಟ್ಟರೆ ಒದ್ದೆ ಪಂಚೆ.
ಮೂವತ್ತು ವರ್ಷ ಈ ಊರಿನ ಬೋರ್ಡುಗಳನ್ನೆಲ್ಲ
ನಾನೊಬ್ಬನೇ ಬರೆದೆ ಅಂದುಕೊಂಡಿದ್ದೆ.

ದಿನಾ ಬೆರಳಲ್ಲಿ ಗೋಡೆ ಹತ್ತುತ್ತೇನೆ
ಅಡುಗೆಮನೆ ಬಾಗಿಲ ಪಕ್ಕ, ಜೇಡನ ಹಾಗೆ.
ಸ್ವಿಚ್ಚು ದಾಟಲು ಹದಿನೆಂಟು ದಿನ.
ಕ್ಯಾಲೆಂಡರಿನ ಮೊಳೆ ಮುಟ್ಟಿದ ಸಂಜೆ
ಕೆಂಪಾಜಮ್ಮ, "ಹಂಗಾದ್ರೆ ಮೆಂತ್ಯದ ಡಬ್ಬ ಇಳಿಸ್ಕೊಡಿ" ಅಂದಳು.
ಆಗಲಿಲ್ಲ. ಇನ್ನೂ ಒಂದು ಗೇಣು ಮೇಲಿತ್ತು.

ಮೊನ್ನೆ ಹಾಜಿರಾ ನೆಲದ ಮೇಲೆ ಕೂತು
ನನ್ನ ಮೀನಖಂಡಕ್ಕೆ ಎರಡು ಬೆರಳಿಟ್ಟಳು.
"ಈಗ ಕೈ ಎತ್ತಿ."
ಕೈ ಇನ್ನೂ ಎದ್ದಿರಲಿಲ್ಲ,
ಕೆಳಗೆ ಮೀನು ಮಿಸುಕಿತು.
"ನೋಡಿದ್ರಾ? ನೀವು ಮುಂದಕ್ಕೆ ಮುಗ್ಗರಿಸಬಾರದು ಅಂತ
ಕಾಲಿಗೆ ಮೊದಲೇ ಸುದ್ದಿ ಹೋಗಿರುತ್ತೆ."
ಅಲ್ಲಿಂದ ಬೆನ್ನು, ಪಕ್ಕೆ, ಹೆಗಲ ಹಲಗೆ,
ಕಟ್ಟಕಡೆಗೆ ಕುಂಚದ ಕೂದಲು.

ನೆನ್ನೆ ಗಿರಣಿಗೆ ಹೋದೆ.
ನ-ಗೆ ತಲೆಕಟ್ಟು ಎಳೆದೆ. ನಡುಗಿತು, ಇರಲಿ.
ರ-ಗೆ ಬರುವಷ್ಟರಲ್ಲಿ ಬನಿಯನ್ ಒದ್ದೆ.
ರೆಪ್ಪೆಯ ಮೇಲಿನ ರಾಗಿಹಿಟ್ಟು ಒರೆಸಿಕೊಳ್ಳುತ್ತ
ಚೌರಪ್ಪ ಬಂದು ನಿಂತ.
"ಗುಡಿಸು ಯಾವಾಗ?"

ತೋಳು ಇಳಿಬಿಟ್ಟುಕೊಂಡೇ ಇದ್ದೆ.
ಏನೂ ಅನ್ನಲಿಲ್ಲ.
ಕೆಳಗೆ, ಪಂಚೆಯ ಮರೆಯಲ್ಲಿ,
ಮೀನು ಆಗಲೇ ಮಿಸುಕಿತ್ತು.