ಉಯಿಲಿನಲ್ಲಿಲ್ಲದ್ದು

ಥಂಡರ್ ಬೇ ಬ್ಯಾಂಕಿನಲ್ಲಿ ಸಾವಿಗೆ ಬೇರೆಯೇ ಕೌಂಟರು.
ಸೋದರತ್ತೆ ಐಲಿಯ ಡೆತ್ ಸರ್ಟಿಫಿಕೇಟಿನ
ಏಳನೇ ನಕಲು ಕೊಟ್ಟೆ.
ಫೋನ್ ಕಂಪನಿಯವಳು ಮಾತ್ರ ಪಟ್ಟು ಬಿಡಲಿಲ್ಲ:
"ಖಾತೆದಾರರೇ ಮಾತಾಡಬೇಕು."
ನನಗೂ ಅದೇ ಬೇಕಿತ್ತು, ತಾಯಿ.

ಉಯಿಲು ಎರಡೇ ಹಾಳೆ.
ಮನೆ ಮಾರಿ ಮೂರು ಪಾಲು, ದೋಣಿ ಎಸ್ಕೊಗೆ,
ಹಿತ್ತಲ ಸೌನಾದ ತಾಮ್ರದ ಸೌಟು
"ಯಾರು ಜಗಳವಾಡುವುದಿಲ್ಲವೋ ಅವರಿಗೆ."
ಅದಕ್ಕೇ ಈಗ ಜಗಳ.

ಫ್ರೀಜರಿನ ತಳದಲ್ಲಿ
ಅವಳೇ ಕಾಡಲ್ಲಿ ಕಿತ್ತ ಬ್ಲೂಬೆರಿ,
ಚೀಲದ ಮೇಲೆ ಹೋದ ಆಗಸ್ಟಿನ ತಾರೀಖು.
ಆಸ್ತಿಪಟ್ಟಿಯಲ್ಲಿ ಇದನ್ನೆಲ್ಲಿ ಬರೆಯಲಿ?
ತೆರಿಗೆಯವರ ಪತ್ರ ಬರುವ ತನಕ
ಬಿಡಿಕಾಸೂ ಹಂಚುವಂತಿಲ್ಲ.

ಕರೆಂಟು ತೆಗೆಯಲು ಬರೆದುಕೊಟ್ಟ ದಿನ
ಕೋಟು ಬಿಚ್ಚದೆ ನಿಂತೇ ತಿಂದೆ,
ಬೊಗಸೆಗಟ್ಟಲೆ, ಹಲ್ಲು ಜುಮ್ಮೆನ್ನುವಷ್ಟು.
ಪಟ್ಟಿಯ ಅಂಚಿಗೆ ನೀಲಿ ಹೆಬ್ಬೆಟ್ಟು.
ಎಸ್ಕೊ ಕೇಳಿದರೆ
ಶಾಯಿ ಅನ್ನುತ್ತೇನೆ.