ಲಾಸ್ಟ್

ನಾರ್ಥಾಂಪ್ಟನ್ನಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆ
ಟೆಬಟ್ ಎಂಬ ಮುದುಕ, ಕಿವಿಸಂದಿಯಲ್ಲಿ ಪೆನ್ಸಿಲ್ಲು,
ಮರದ ಪಾದವೊಂದನ್ನು ನನ್ನ ಕೈಗಿಟ್ಟು
ಹೇಳಿದ: ಇದು ನಿನ್ನ ಲಾಸ್ಟ್.

ಬಂದ ದಿನವೇ ಕಡೆಯ ದಿನವೇ?
ಕೋಟಿನ ಗುಂಡಿ ಕೂಡ ಬಿಚ್ಚಿರಲಿಲ್ಲ.
ಏನು ತಪ್ಪು ಮಾಡಿದೆ, ಅಂದೆ.
ಅವನು ಆ ಪಾದವನ್ನು ಬೋರಲು ಹಾಕಿ
ಹಿಮ್ಮಡಿಯ ಮೇಲೆ ನನ್ನ ಹೆಸರು ಬರೆದ,
ಒಂದು ಅಕ್ಷರ ಬಿಟ್ಟು.

ಅಥಣಿಯಲ್ಲಿ ಆ ಮಾತಿಗೆ ಇದ್ದದ್ದು ಒಂದೇ ಅರ್ಥ.
ವಿಜಾಪುರಕ್ಕೆ ಲಾಸ್ಟ್ ಬಸ್ಸು ಒಂಬತ್ತೂಕಾಲಿಗೆ.
ಲಾಸ್ಟ್ ಬೆಂಚು ನನ್ನದು, ಗೋಡೆಯ ಸುಣ್ಣ ಬೆನ್ನಿಗೆ.
ಫೀಜು ತುಂಬಲು ಲಾಸ್ಟ್ ಡೇಟು.
ಮುತ್ಯಾನ ಮುಂದೆ ಜೋಡು ಹಿಡಿದು ತಿರುವಿ ತಿರುವಿ ನೋಡಿ
‘ಲಾಸ್ಟ್ ರೇಟ್ ಹೇಳೋ’ ಅನ್ನುವ ಗಿರಾಕಿ.

ಇಲ್ಲಿ ಅದು ಮರ.
ಗೋಡೆ ತುಂಬ ತೂಗುವ ಪಾದಗಳು, ಜೋಡಿ ಜೋಡಿ,
ಒಬ್ಬ ಪಾದ್ರಿಯವು, ಒಬ್ಬ ಜಾಕಿಯವು,
ಹೆಬ್ಬೆರಳ ಗಂಟು ಉಬ್ಬಿದಲ್ಲಿ ತೊಗಲಿನ ತುಣುಕು ಮೆತ್ತಿದವು.
ಸತ್ತವರವನ್ನೂ ಟೆಬಟ್ ಇಳಿಸುವುದಿಲ್ಲ.
ಮಗ ಬಂದಾನು, ಅನ್ನುತ್ತಾನೆ, ಅದೇ ಕಾಲು ಹೊತ್ತು.

ಮಧ್ಯಾಹ್ನ ಸ್ಯಾಂಡ್‌ವಿಚ್ಚಿನ ಜೊತೆ ಅವನು ಮಾತನ್ನೂ ಬಿಚ್ಚಿದ.
ಕಡೆಯದು ಅನ್ನುವ ಲಾಸ್ಟಿನ ಮನೆತನವೇ ಬೇರೆಯಂತೆ,
ಅದು ‘ಲೇಟ್’ನ ಪೈಕಿ, ಎಲ್ಲರಿಗಿಂತ ತಡವಾಗಿ ಬಂದದ್ದು.
ಹಡಗಿಗೆ ತುಂಬುವ ಹೊರೆಗೂ ಲಾಸ್ಟ್ ಅನ್ನುತ್ತಿದ್ದರಂತೆ,
ಹನ್ನೆರಡು ಪೀಪಾಯಿ ಹೆರಿಂಗ್ ಮೀನು. ಅದೂ ಬೇರೆ.
ಒಂದೇ ಓಣಿಯ ಮೂರು ಬಸವಣ್ಣೆವ್ವರ ಹಾಗೆ;
ತ್ರಾಸು ಟಪಾಲಿನವನಿಗೆ ಮಾತ್ರ.

ಆದರೆ ಬಾಳಿಕೆ ಬರುವುದಕ್ಕೂ ಲಾಸ್ಟ್ ಅನ್ನುತ್ತೇವಲ್ಲ,
ಅದು ಈ ಮರದ ಒಡಹುಟ್ಟು.
ಇವರ ಹಳೆಯ ಮಾತಿನಲ್ಲಿ
ಕೆಸರಲ್ಲಿ ಮೂಡಿದ ಹೆಜ್ಜೆ ಅಂತ ಅರ್ಥ.
ಆ ಹೆಜ್ಜೆ ಹಿಡಿದು ನಡು ದಾರಿಯಲ್ಲಿ ಬಿಡದೆ ನಡೆದರೆ
ಬಾಳಿಕೆ.

ನನ್ನ ಬ್ರೆಡ್ಡು ಕೈಯಲ್ಲೇ ಉಳಿಯಿತು.

ನಮ್ಮ ಅಂಗಳದಲ್ಲಿ ಮರದ ಪಾದ ಇರಲಿಲ್ಲ.
ಬಂದವರು ಹಳೆಯ ಪೇಪರಿನ ಮೇಲೆ ಕಾಲಿಡುವರು,
ಮುತ್ಯಾ ಬಗ್ಗಿ ಪೆನ್ಸಿಲ್ಲು ಸುತ್ತಿಸುವನು,
ಬೆರಳು ತಾಗದ ಹಾಗೆ.
ಯಾರದೋ ಲಗ್ನದ ಜಾಹೀರಾತಿನ ಮೇಲೆ ದೇಸಾಯರ ಹಿಮ್ಮಡಿ,
ಗೊಬ್ಬರದ ಧಾರಣಿಯ ಮೇಲೆ ಮಾಸ್ತರರ ಕಿರುಬೆರಳು.
ಚಿಗವ್ವ ಅವನ್ನೆಲ್ಲ ಗಂಟು ಕಟ್ಟಿ ನೆಲುವಿಗೆ ಹಾಕಿದ್ದಳು.
ಊರಿನ ಅರ್ಧ ಹೆಜ್ಜೆ ನಮ್ಮ ಮಾಡಿನಲ್ಲಿ ತೂಗುತ್ತಿದ್ದರೂ
ದೇಸಾಯರ ಓಣಿಯಲ್ಲಿ ಮುತ್ಯಾ
ತಾನು ಹೊಲಿದ ಜೋಡು ಕಂಕುಳಲ್ಲಿಟ್ಟುಕೊಂಡು ದಾಟುತ್ತಿದ್ದ.

ನಿಮ್ಮಲ್ಲಿ ಏನನ್ನುತ್ತೀರಿ ಲಾಸ್ಟಿಗೆ, ಟೆಬಟ್ ಕೇಳಿದ.
ಕಡೆ, ಅಂದೆ.
ಕಡೆ ಅಂದರೆ ಕೊನೆ. ಕಡೆ ಅಂದರೆ ದಿಕ್ಕು.
ಮೊಸರು ಕಡೆಯುವುದೂ ಅದೇ ಮಾತು,
ನಿನ್ನ ಲೇತು ಈ ಮರವನ್ನು ಕಡೆದದ್ದೂ.
ಅವನು ಚಹಾ ಕೆಳಗಿಟ್ಟ.
ಹಾಗಾದರೆ ಕೊನೆ ಮುಟ್ಟಿದವನು ಯಾವ ಕಡೆ ಹೋಗುತ್ತಾನೆ?
ನಾರ್ಥಾಂಪ್ಟನ್ ಕಡೆ, ಅಂದೆ.
ಅವನು ನಕ್ಕು ಕೆಮ್ಮಿದ, ಕೆಮ್ಮುತ್ತ ನಕ್ಕ,
ಆಮೇಲೆ ಸ್ಟೂಲು ಎಳೆದು, ಬೂಟು ಬಿಚ್ಚು, ಅಂದ.

ಕಾಲುಚೀಲದಲ್ಲಿ ತೂತು ಇತ್ತು. ನಾಚಿಕೆಯಾಯಿತು.
ಅವನಿಗೆ ಅದರ ಪರಿವೆ ಇಲ್ಲ.
ನನ್ನ ಪಾದ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು
ಹೆಬ್ಬೆರಳಿಂದ ಮೂಳೆ ಮೂಳೆ ಒತ್ತಿ ನೋಡಿದ,
ಟೇಪು ಸುತ್ತಿದ, ಹಲ್ಲಿನ ಸಂದಿಯಲ್ಲೇ ಲೆಕ್ಕ ಹೇಳಿದ.

ಎಡಗಾಲು ಎರಡು ಮಿಲಿಮೀಟರು ಉದ್ದವಂತೆ.
ಮೂವತ್ತೊಂದು ವರ್ಷ, ಸಮಗಾರರ ಮಗಳು,
ನನಗೇ ಗೊತ್ತಿರಲಿಲ್ಲ.