ಗುಳ್ಳೆ ಎಣಿಸುವ ಕೆಲಸ

ವೆಂಚುರಾ ಬಂದರಿನಿಂದ ಒಂದೂವರೆ ತಾಸು,
ಹೆಸ್ಟರ್ ನಿಂತಿದ್ದಾಳೆ ಕಡಲ ನಡುವೆ.
ಎಣ್ಣೆ ತೆಗೆಯುವ ಕಬ್ಬಿಣದ ಅಟ್ಟಕ್ಕೆ ಹೆಂಗಸಿನ ಹೆಸರಿಟ್ಟವರು
ಮೇಲೆ ದೀಪ, ಕ್ರೇನು, ಕಾವಲು ಎಲ್ಲ ಇಟ್ಟರು.
ಕಾಲಿಗೆ ಏನನ್ನೂ ತೊಡಿಸಲಿಲ್ಲ.
ಅದನ್ನು ಪಚ್ಚಿಲೆಗಳು ನೋಡಿಕೊಂಡವು:
ನೀರೊಳಗೆ ಅವಳ ಹನ್ನೆರಡು ಕಾಲಿಗೂ
ಮೊಳ ದಪ್ಪದ ಕಪ್ಪು ಕಾಲುಚೀಲ.

ಅದನ್ನು ಕಳಚುವುದು ನನ್ನ ತಮ್ಮ ಎಫ್ರೆನ್‌ನ ಕಸುಬು.
ನನ್ನದು ದೋಣಿಯಲ್ಲಿ ಕೂತು ಅವನ ಗುಳ್ಳೆ ಎಣಿಸುವುದು.

ಕೇಳಲು ಸುಲಭ. ಆದರೆ
ಕಾಲುಗಳ ಸುತ್ತ ಅಲೆ ಒಡೆದು ಬರೀ ನೊರೆ.
ನೊರೆಯಲ್ಲಿ ಯಾವುದು ಕಡಲಿನದು, ಯಾವುದು ಎಫ್ರೆನ್‌ನದು?
ನಾನು ಲಯ ನೋಡುತ್ತೇನೆ.
ಕಡಲು ತೋಚಿದಂತೆ ಉಗುಳುತ್ತದೆ.
ತಮ್ಮ ನಾಲ್ಕೆಣಿಸಿ ಬಿಡುತ್ತಾನೆ.

ಮುಳುಗಿದವನಿಗೆ ಚಳಿಯೇನು ಮಳೆಯೇನು ಅನ್ನುವವರು
ಮಾರ್ಚ್ ತಿಂಗಳಲ್ಲಿ ಇಲ್ಲಿ ಒಮ್ಮೆ ಮುಳುಗಲಿ.
ಬೆರಳು ಮರಗಟ್ಟಿದರೆ, ಕತ್ತಿ ಕೈಯಲ್ಲಿದೆಯೋ ಇಲ್ಲವೋ
ಕಣ್ಣಿಂದ ನೋಡಿಯೇ ತಿಳಿಯಬೇಕು.
ಅಲೆ ಎತ್ತಿದರೆ ಎತ್ತಿದ ಹಾಗೆ ಹೋಗಬೇಕು;
ಹೆದರಿ ಕಂಬ ತಬ್ಬಿದೆಯೋ, ಚಿಪ್ಪಿನಂಚು
ಸೂಟನ್ನೂ ತೊಡೆಯನ್ನೂ ಒಂದೇ ಗೀರಿಗೆ ಸೀಳುತ್ತದೆ.
ಯಾರೋ ಎಂದೋ ಕಳಕೊಂಡ ಗಾಳದ ದಾರಗಳು
ಕಣ್ಣಿಗೆ ಬೀಳದೆ ತೂಗುತ್ತಿರುತ್ತವೆ.
ಇನ್ನು ಬಲೆಚೀಲ. ತುಂಬುವ ತನಕ ಅದು ಅವನದು,
ತುಂಬಿದ ಮೇಲೆ ಅವನು ಅದರವನು.

ಮೊದಲ ದಿನವೇ ಹೇಳಿದ್ದ:
ಕೆಳಗೆ ಯಾರೂ ಉಸಿರು ಬಿಗಿಹಿಡಿಯಬಾರದು ಅಕ್ಕ,
ಹಿಡಿದು ಮೇಲೆ ಬಂದರೆ ಎದೆ ಒಡೆಯುತ್ತದೆ.
ಸರಿ. ಬಿಗಿಹಿಡಿಯುವುದೆಲ್ಲ ಮೇಲಿನವಳ ಪಾಲಿಗೆ.

ಆ ಗುರುವಾರ ಗುಳ್ಳೆಗಳು ಒತ್ತೊತ್ತಾದವು.
ನಾಲ್ಕರ ಬದಲು ಎರಡು, ಒಂದು,
ಆಮೇಲೆ ಎಣಿಸಲಿಕ್ಕಾಗದಷ್ಟು ಬಿಳಿ,
ಬಿಳಿಯ ನಡುವಿನಿಂದ ಅವನ ತಲೆ,
ಮೂರು ನಿಮಿಷ ತಡೆದು ನಿಲ್ಲಬೇಕಾದಲ್ಲಿ
ಒಂದು ಕ್ಷಣವೂ ನಿಲ್ಲದೆ.
"ಚೀಲ ಹೋಯಿತು" ಎಂದ. "ದಾರಕ್ಕೆ ಸಿಕ್ಕಿಕೊಂಡಿತು. ಕೊಯ್ದೆ."
ತೊಂಬತ್ತು ಪೌಂಡು ಪಚ್ಚಿಲೆಯ ಲೆಕ್ಕ ಹೇಳಿದ.
ತನ್ನ ಲೆಕ್ಕ ಹೇಳಲಿಲ್ಲ.

ಎಂಟು ವರ್ಷದವನಿದ್ದಾಗ ನಿಂಬೆ ಮರದಿಂದ ಬಿದ್ದು
ಕೊರಳೆಲುಬು ಮುರಿದುಕೊಂಡು, ಎರಡು ದಿನ
ಎಡಗೈಯಲ್ಲಿ ಉಂಡು ಸುಮ್ಮನಿದ್ದವನು ಇವನು.
ಈಗ ಥರ್ಮಾಸಿನ ಮುಚ್ಚಳ ತಿರುಗಿಸಲು
ಎಡಗೈ ಮುಂದೆ ಬಂತು.

"ಬಲಗೈಗೆ ಏನಾಗಿದೆ?"
"ಏನಿಲ್ಲ. ಮೊಣಕೈಯಲ್ಲಿ ಇರುವೆ ಹರಿದ ಹಾಗೆ. ಚಳಿಗೆ."

ನಮ್ಮ ಪಚ್ಚಿಲೆ ಕೊಳ್ಳುವ ಹೋಟೆಲಿನ ಡೆಲ್ಫೀನ್
ಅಡುಗೆಮನೆಗೆ ಬಂದ ಹೊಸಬರಿಗೆ ಹೇಳುವ ಮಾತೊಂದಿದೆ:
ಆವಿಯಲ್ಲಿ ಬೆಂದ ಮೇಲೂ ಬಾಯಿ ಬಿಡದ್ದನ್ನು ಬಿಸಾಕು,
ಒಳಗೆ ಏನೋ ಸರಿಯಿಲ್ಲ.

ಬಿಸಾಕಲು ನನಗಿರುವುದು ಒಬ್ಬನೇ ತಮ್ಮ.
ಆಮ್ಲಜನಕದ ಮುಖವಾಡ ಅವನ ಮೂಗಿಗೆ ಒತ್ತಿ,
ಉಳಿದೆರಡು ಚೀಲಕ್ಕೆ ಒದ್ದೆ ಗೋಣಿ ಎಳೆದು,
ರೇಡಿಯೋದಲ್ಲಿ ಕೋಸ್ಟ್ ಗಾರ್ಡಿನವರಿಗೆ
ದೋಣಿಯ ಹೆಸರು, ಜಾಗ, ಅವನ ವಯಸ್ಸು ಹೇಳಿದೆ.
ಮುಖವಾಡದೊಳಗಿಂದ ಅವನು ಬೈದದ್ದು ಕೇಳಿಸಿತು.
ಬೈಯಲಿ.
ಬಾಯಿ ಬಿಟ್ಟನಲ್ಲ.

ಆಸ್ಪತ್ರೆಯ ಉಕ್ಕಿನ ಕೊಳವೆಯೊಳಗೆ ಐದು ಗಂಟೆ.
ಇಲ್ಲದ ಆಳವನ್ನು ಯಂತ್ರದಿಂದ ಹುಟ್ಟಿಸಿ
ಮತ್ತೆ ಅವನನ್ನು ಕೆಳಗಿಳಿಸಿದ್ದರು,
ಈ ಸಲ ಮೆಲ್ಲಗೆ ಮೇಲೆ ತರಲು.
ಗುಳ್ಳೆಗಳೆಲ್ಲ ಈಗ ಅವನ ರಕ್ತದಲ್ಲಿ,
ಎಣಿಸುವವಳಿಗೆ ಕಾಣದಂತೆ.

ದಪ್ಪ ಗಾಜಿನಾಚೆಯಿಂದ ನನ್ನನ್ನು ನೋಡಿ
ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ ಸೊನ್ನೆ ಮಾಡಿದ.
ಮುಳುಗುವವರ ಭಾಷೆಯಲ್ಲಿ, ಎಲ್ಲ ಸರಿ.

ಯಾವ ಕೈ ಎಂದು ನೋಡಿದೆ.
ಎಡಗೈ.